ಕೆಂಪು ಗೆರೆ ಬೀಳದ ತಪ್ಪು

“ಮೇಡಂ, ಜಾವಾ ಇಂಟರ್‌ವ್ಯೂ ಇಲ್ಲೇ ಏನ್ರಿ?”

ಬಾಗಿಲಲ್ಲಿ ಹಾಗೆ ಕೇಳಿದ ದನಿ ಯಾರದೆಂದು ಕತ್ತೆತ್ತುವ ಮೊದಲೇ ಹೇಮಾವತಿಗೆ ಗೊತ್ತಾಯಿತು. ಗೊತ್ತಾಗಿಯೂ ಅವಳು ಕತ್ತೆತ್ತಲಿಲ್ಲ. ಭಾರೀ ಕೆಲಸದಲ್ಲಿ ಮುಳುಗಿದವಳ ಹಾಗೆ ಪರದೆಯನ್ನೇ ನೋಡುತ್ತ ಕೀಲಿಗಳ ಮೇಲೆ ಸುಮ್ಮನೆ ಬೆರಳಾಡಿಸಿದಳು. ಎಷ್ಟು ಹೊತ್ತು, ಎರಡು ಉಸಿರು ಎಳೆದು ಬಿಡುವಷ್ಟು ಇರಬಹುದು. ಅಷ್ಟರಲ್ಲೇ ತಾನು ಎಂಥವಳು ಅನ್ನುವುದು ತನಗೇ ಗೊತ್ತಾಗಿಹೋಯಿತಲ್ಲ ಎಂದು ಆಮೇಲೆ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಎಷ್ಟೋ ದಿನ ಅವಳಿಗೆ ಅನ್ನಿಸುತ್ತಲೇ ಇತ್ತು. ಬಂದವರು ಕಲಂದರ್ ಸಾರ್. ಹೊಳಲ್ಕೆರೆಯ ಕಲಂದರ್ ಸಾರ್. ರಾಮಗಿರಿಯಿಂದ ದಿನಾ ಬಸ್ಸಿನಲ್ಲಿ ಜೋತುಬಿದ್ದು ಬರುತ್ತಿದ್ದ, ಕಂಪ್ಯೂಟರ್ ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ಹೆದರುತ್ತಿದ್ದ ಹುಡುಗಿಗೆ ಜಾವಾ ಕಲಿಸಿದವರು. ಅವರು ತನ್ನನ್ನು ಮೇಡಂ ಅಂದರಲ್ಲ. ಬೇಕೆಂದೇ ಅಂದರೋ, ಇಂಟರ್‌ವ್ಯೂಗೆ ಬಂದವರು ಹಾಗೇ ಅನ್ನಬೇಕೆಂದು ಅಂದರೋ ತಿಳಿಯದೆ ಅವಳ ಕಿವಿ ಬಿಸಿಯಾಯಿತು.

“ಬರ್ರಿ ಸಾರ್, ಕುಂತ್ಕಳ್ರಿ,” ಎಂದಳು.

“ಅರೆ, ಹೇಮಾ ಏನಮ್ಮ?” ಎಂದು ಅವರ ಮುಖ ಅರಳಿತು. “ದನಿ ಕೇಳಿ ಗೊತ್ತಾತು ನೋಡು. ಚೆನ್ನಾಗಿದೀಯಾ? ನಿಮ್ಮವ್ವ ಚಂದ್ರಕ್ಕ ಹೆಂಗವ್ರೆ? ಮಂಡಿನೋವು ಅಂತಿದ್ರಲ್ಲ?”

ತನ್ನ ತಾಯಿಯ ಮಂಡಿನೋವನ್ನು ಮೂರು ವರ್ಷ ನೆನಪಿಟ್ಟುಕೊಂಡಿದ್ದಾರೆ. ಈ ಮೂರು ವರ್ಷದಲ್ಲಿ ತಾನು ಅವರಿಗೆ ಒಂದು ಫೋನೂ ಮಾಡಿಲ್ಲ. ರಂಜಾನಿಗೆ ಮಾಡೋಣ ಎಂದುಕೊಂಡಳು, ಮಾಡಲಿಲ್ಲ. ಯುಗಾದಿಗೆ ಮಾಡೋಣ ಎಂದುಕೊಂಡಳು, ಅದೂ ಹೋಯಿತು. ಬಿಟ್ಟಷ್ಟೂ ಮಾಡುವುದು ಕಷ್ಟವಾಗುತ್ತ ಬಂತು. ಈಗ ಅವರು ತೊಳೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ದರ್ಜಿಯಾದ ತಮ್ಮ ಅಣ್ಣನೇ ಹೊಲಿದಿರಬಹುದಾದ ಬಟ್ಟೆಯ ಕವಚದ ಫೈಲನ್ನು ಮಡಿಲಲ್ಲಿಟ್ಟುಕೊಂಡು, ಅವಳೆದುರಿನ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಆ ಕುರ್ಚಿಯ ಒಂದು ಕಾಲು ಅಲುಗುತ್ತದೆ. ಬದಲಿಸಬೇಕೆಂದು ತಿಂಗಳಿಂದ ಅಂದುಕೊಳ್ಳುತ್ತಿದ್ದಳು. ಬೇರೆ ಕುರ್ಚಿ ಕೊಡಲೇ ಎಂದು ಬಾಯಿಯವರೆಗೆ ಬಂತು. ಕೊಟ್ಟರೆ ವಿಶೇಷ ಮರ್ಯಾದೆ ಮಾಡಿದ ಹಾಗಾಗಿ ಅವರಿಗೇ ಮುಜುಗರವಾದೀತೆಂದು ಸುಮ್ಮನಾದಳು.

ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಯ ಪುಸ್ತಕದಂಗಡಿಯೊಂದರ ಮಹಡಿಯ ಮೇಲೆ ಎರಡು ಕೋಣೆ, ಮೂರು ಕಂಪ್ಯೂಟರು: ಇದು ಪ್ರಸನ್ನಕುಮಾರ್ ಅವರ ಕಂಪನಿ. ಯಜಮಾನರೂ ಅವರೇ, ಗಿರಾಕಿ ಹುಡುಕುವವರೂ ಅವರೇ. ಪ್ರೋಗ್ರಾಂ ಬರೆಯುವವಳು ಹೇಮಾವತಿ. ಇನ್ನೊಬ್ಬರು ಬೇಕೆಂದು ಊರ ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿಸಿದ್ದರು, ಆ ನಾಲ್ಕು ಸಾಲನ್ನೂ ಬರೆದುಕೊಟ್ಟವಳು ಅವಳೇ. ‘ಜಾವಾ ಬರೆಯುವ ಎಕ್ಲಿಪ್ಸ್ ತಂತ್ರಾಂಶ ಕಡ್ಡಾಯವಾಗಿ ಗೊತ್ತಿರಬೇಕು’ ಎಂಬ ಸಾಲೂ ಅವಳದ್ದೇ. ಬರೆಯುವಾಗ ಒಂದು ಗಳಿಗೆ ಕಲಂದರ್ ಸಾರ್ ನೆನಪಾಗಿದ್ದರೇ? ಇಲ್ಲ ಎಂದು ಆಣೆ ಮಾಡಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ಪ್ರಸನ್ನಕುಮಾರ್ ಈ ದಿನ ಹಿರಿಯೂರಿನಲ್ಲಿದ್ದರು. ಅಲ್ಲಿನ ಒಂದು ಟ್ರಸ್ಟಿನ ಆಸ್ಪತ್ರೆಗೆ ರೋಗಿಗಳ ಸರತಿಪಟ್ಟಿಯ ಪ್ರೋಗ್ರಾಂ ಬರೆದುಕೊಟ್ಟಿದ್ದಾಯಿತು, ಅಲ್ಲಿಯ ಕಂಪ್ಯೂಟರಿಗೆ ಹಾಕಿದ್ದೂ ಆಯಿತು, ಆದರೆ ಅದು ತೆರೆದ ಮರುಗಳಿಗೆ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು. ಏಕೆ ಅಂತ ಒಂದು ಮಾತು ಹೇಳದೆ. ಮೂರು ದಿನದಿಂದ ಇದೇ ಗೋಳು. ಹೇಮಾವತಿಯ ಕಂಪ್ಯೂಟರಿನಲ್ಲಿ ಗಿಣಿಮರಿ ಹಾಗೆ ಹೇಳಿದ್ದೆಲ್ಲ ಕೇಳುತ್ತದೆ, ಪಕ್ಕದ ಕಂಪ್ಯೂಟರಿನಲ್ಲೂ ಕೇಳುತ್ತದೆ, ಹಿರಿಯೂರಿಗೆ ಹೋದರೆ ಮೂಗಿ. “ನೀವು ಆ ಇಂಟರ್‌ವ್ಯೂ ಮುಗ್ಸಿ, ನಾನು ಇಲ್ಲಿ ಕೂತಿರ್ತೀನಿ. ಇವತ್ತು ಮಧ್ಯಾಹ್ನದೊಳಗೆ ಆಗ್ಲಿಲ್ಲ ಅಂದ್ರೆ ಬೇರೆಯೋರಿಗೆ ಕೊಡ್ತಾರಂತೆ ಹೇಮಾ,” ಎಂದು ಬೆಳಿಗ್ಗೆ ಫೋನಿನಲ್ಲಿ ಅವರು ಹೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಇಂಟರ್‌ವ್ಯೂ ಅಂದರೆ ಏನಿಲ್ಲ, ಎಕ್ಲಿಪ್ಸ್ ತೆರೆದುಕೊಟ್ಟು ಒಂದು ಸಣ್ಣ ಪ್ರೋಗ್ರಾಂ ಬರೆಸುವುದು. ಒಂದು ಗಂಟೆ. ಬೆಳಿಗ್ಗೆ ಬಂದ ಇಬ್ಬರೂ ಅರ್ಧ ಗಂಟೆಯಲ್ಲಿ ಮುಗಿಸಿ ಹೋಗಿದ್ದರು. ಕಲಂದರ್ ಸಾರ್ ಕಂಪ್ಯೂಟರಿನ ಮುಂದೆ ಕೂತು, ತೋಳು ಮಡಿಸಿ, ಬಿಸ್ಮಿಲ್ಲಾ ಎಂದು ಬಾಯೊಳಗೇ ಅಂದುಕೊಂಡು ಒಂದು ಸಾಲು ಬರೆದರು. ಬರೆಯುತ್ತಿದ್ದ ಹಾಗೇ ಅಡಿಯಲ್ಲಿ ಸಣ್ಣ ಕೆಂಪು ಅಲೆಗೆರೆ ಬಿತ್ತು. ಎಕ್ಲಿಪ್ಸಿನ ಗುಣವೇ ಹಾಗೆ, ಬರೆಯುವವರು ಸಾಲು ಮುಗಿಸುವವರೆಗೂ ಅದಕ್ಕೆ ತಾಳ್ಮೆಯಿಲ್ಲ, ಅಷ್ಟರಲ್ಲೇ ತಪ್ಪು ಎಂದು ಗೆರೆ ಎಳೆಯುತ್ತದೆ, ಮುಗಿಸಿದ ಮೇಲೆ ತಾನೇ ಅಳಿಸಿಕೊಳ್ಳುತ್ತದೆ. ರೂಢಿಯಿದ್ದವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಸಾರ್ ಗಕ್ಕನೆ ಬರೆಯುವುದನ್ನು ನಿಲ್ಲಿಸಿದರು. ಮುಖವನ್ನು ಪರದೆಯ ಹತ್ತಿರ ಒಯ್ದು, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಬರೆದದ್ದನ್ನು ಅಳಿಸಿ ಮತ್ತೆ ಬರೆದರು. ಮತ್ತೆ ಗೆರೆ. ಅರ್ಧ ಪದ ಬರೆಯುವಷ್ಟರಲ್ಲಿ ‘ಇದಾ, ಇದಾ, ಇದಾ’ ಎಂದು ಕೇಳುತ್ತ ಪದಗಳ ಸಣ್ಣ ಪಟ್ಟಿಯೊಂದು ಬಿಚ್ಚಿಕೊಂಡಿತು. ಅವರು ಬೆಚ್ಚಿ ಕೈ ತೆಗೆದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ನಾಲ್ಕು ಸಾಲೂ ಆಗಲಿಲ್ಲ. ಅಯ್ಯೋ ದೇವರೇ, ಬರುವುದಿಲ್ಲವಲ್ಲ ಇವರಿಗೆ ಎಂದು ಹೇಮಾವತಿ ಕಿಟಕಿಯ ಕಡೆ ತಿರುಗಿದಳು. ಅವರು ತಡವರಿಸುವುದನ್ನು ತಾನು ನೋಡುತ್ತಿದ್ದೇನೆ ಎಂದು ಅವರಿಗೆ ಗೊತ್ತಾಗಬಾರದು. ನೋಡದೆ ಇರುವುದೂ ಗೊತ್ತಾಗುತ್ತದಲ್ಲ ಎಂದು ಮತ್ತೆ ತನ್ನ ಪರದೆಯ ಕಡೆ ತಿರುಗಿದಳು.

ಅವರ ಸೆಂಟರಿನಲ್ಲಿ ಇದ್ದದ್ದು ನಾಲ್ಕೇ ಕಂಪ್ಯೂಟರು. ಕೆಳಗೆ ಅಣ್ಣನ ದರ್ಜಿ ಅಂಗಡಿ, ಮೇಲೆ ತಮ್ಮನ ಜಾವಾ ಕ್ಲಾಸು. ಕೆಳಗಿನ ಹೊಲಿಗೆ ಯಂತ್ರದ ಟಕಟಕ ನೆಲದ ಮೂಲಕ ಬಂದು ಅಂಗಾಲಿಗೆ ತಾಗುತ್ತಿತ್ತು. ಕರೆಂಟು ದಿನಕ್ಕೆ ಆರು ಗಂಟೆ ಇದ್ದರೆ ಪುಣ್ಯ. ಅದಕ್ಕೇ ಸಾರ್ ಒಂದು ಕಟ್ಟಲೆ ಮಾಡಿದ್ದರು. ಕಂಪ್ಯೂಟರ್ ಮುಟ್ಟುವ ಮೊದಲು ಪ್ರೋಗ್ರಾಮನ್ನು ಲಾಂಗ್ ಬುಕ್ಕಿನಲ್ಲಿ ಬರೆಯಬೇಕು. ಎಡಗಡೆ ಪುಟದಲ್ಲಿ ಪ್ರೋಗ್ರಾಂ, ಬಲಗಡೆ ಪುಟದಲ್ಲಿ ಒಂದೊಂದು ಸಾಲೂ ಏನು ಮಾಡುತ್ತದೆಂದು ಕನ್ನಡದಲ್ಲಿ. ಪುಸ್ತಕ ಅವರ ಮೇಜಿಗೆ ಹೋಗಬೇಕು. ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಕೆಂಪು ಸುಣ್ಣದ ಬಿಲ್ಲೆಯಿಂದ ಅವರು ತಪ್ಪಿನ ಅಡಿಯಲ್ಲಿ ಗೆರೆ ಎಳೆದು ಕೊಡಬೇಕು. ಗೆರೆಯಿಲ್ಲದೆ ಪುಸ್ತಕ ವಾಪಸು ಬಂದ ಮೇಲೆಯೇ ಕಂಪ್ಯೂಟರು. “ಮೇಲ್ಗಡೆ ಎಲ್ಲಾರದೂ ಚೆಂದಾಗೇ ಇರ್ತೈತಮ್ಮ, ಒಳಮಗ್ಗಲು ತಿರುವಿ ತೋರ್ಸು,” ಎನ್ನುತ್ತಿದ್ದರು, ಹೊಲಿಗೆಯವರ ಮನೆಯ ಮಗನಲ್ಲವೇ. ಬರೆದದ್ದನ್ನು ನೋಟ್‌ಪ್ಯಾಡಿನಲ್ಲಿ ಬೆರಳು ನೋಯುವಂತೆ ಹೊಡೆದು, ಪರದೆಯ ಕಪ್ಪು ಕಿಟಕಿಯಲ್ಲಿ ಆಜ್ಞೆ ಕೊಟ್ಟು, ತಪ್ಪಿಲ್ಲವೆಂದು ಸುಮ್ಮನೆ ಕರ್ಸರು ಕೆಳಗಿಳಿದಾಗ ಮೈ ಜುಮ್ಮೆನ್ನುತ್ತಿತ್ತು. ಅವಳು ಕಲಿತು ಮುಗಿಸಿದ ಮೇಲೆ ಸಾರ್ ಅವಳನ್ನೇ ಸೆಂಟರಿನಲ್ಲಿ ಕಲಿಸಲು ಇಟ್ಟುಕೊಂಡರು. ಪ್ರೋಗ್ರಾಂ ಬರೆಯಲು ನೆರವಾಗುವ ತಂತ್ರಾಂಶಗಳ ಪರೀಕ್ಷಾರ್ಥದ ಸಿ.ಡಿ.ಗಳು ಆಗ ಬರಲು ಶುರುವಾಗಿದ್ದವು. ಜೆಬಿಲ್ಡರ್ ಹಾಕಿ ನೋಡಿದಳು. ಅದು ತೆರೆಯುವಷ್ಟರಲ್ಲಿ ಕೆಳಗೆ ಹೋಗಿ ಚಹಾ ಕುಡಿದು ಬರಬಹುದಿತ್ತು, ಪಾಪ, ತಪ್ಪು ಅದರದಲ್ಲ, ಯಂತ್ರಕ್ಕೆ ಶಕ್ತಿ ಸಾಲದು. ನೆಟ್‌ಬೀನ್ಸ್ ಹಾಕಿದಳು, ಅದೂ ಹಾಗೇ. ಸಾರ್ ಯಾವುದಕ್ಕೂ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಆಮೇಲೆ ಪತ್ರಿಕೆಯೊಂದರ ಜತೆ ಎಕ್ಲಿಪ್ಸಿನ ಸಿ.ಡಿ. ಬಂತು.

ಆ ದಿನವನ್ನು ಅವಳು ನೆನೆಯುವುದಿಲ್ಲ. ಅದೇ ಬರುತ್ತದೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಚಿಲ್ಲರೆಗೆ ಕೈ ಹಾಕಿದಾಗ, ಸುಮ್ಮಸುಮ್ಮನೆ. ಇದ್ದುದರಲ್ಲಿ ಹೊಸ ಕಂಪ್ಯೂಟರಿಗೆ, ಸಾರ್ ಬರುವ ಮುಂಚೆ, ಹೇಳದೆ ಕೇಳದೆ ಆ ಸಿ.ಡಿ. ಹಾಕಿದ್ದಳು. ಕ್ಲಾಸಿನವರೆಲ್ಲ ಸುತ್ತ ಮುತ್ತಿದ್ದರು. ತಪ್ಪು ಬರೆದು ತೋರಿಸಿದಳು, ಕೆಂಪು ಗೆರೆ ಬಿತ್ತು. ಓಹೋ ಎಂದರು. ಪಕ್ಕದ ಗುರುತಿನ ಮೇಲೆ ಒತ್ತಿದಳು, ಅದೇ ಸರಿಮಾಡಿತು. ಚಪ್ಪಾಳೆ. “ಇನ್ನು ಸಾರ್ ಕೆಂಪು ಸುಣ್ಣ ಯಾತಕ್ಕೆ?” ಎಂದು ಯಾರೋ ಅಂದರು. ಅವಳಿಗೆ ತಲೆಗೇರಿತ್ತು. “ಇದು ಬೈಯದೂ ಇಲ್ಲ, ಪುಸ್ತಕ ಇಸ್ಕಂಡು ಮೂರು ದಿವ್ಸ ಕಾಯ್ಸದೂ ಇಲ್ಲ. ಸಾರ್‌ಗಿಂತ ಇದೇ ವಾಸಿ,” ಎಂದಳು. ಎಲ್ಲರೂ ಗೊಳ್ಳೆಂದರು. ನಗು ತಟ್ಟನೆ ನಿಂತಿತು. ಸಾರ್ ಬಾಗಿಲಲ್ಲಿದ್ದರು, ತೋಳಿನಲ್ಲಿ ಅಷ್ಟೂ ಲಾಂಗ್ ಬುಕ್ಕುಗಳು. ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಎಲ್ಲರ ಹೆಸರು ಕೂಗಿ ಕೊಟ್ಟರು. ಮಾರನೆಯ ದಿನದಿಂದ ಪುಸ್ತಕ ಕೇಳುವುದನ್ನೇ ನಿಲ್ಲಿಸಿದರು. ಎರಡು ತಿಂಗಳಿಗೆ ಪ್ರಸನ್ನಕುಮಾರ್ ಅವರ ಕಂಪನಿಯಲ್ಲಿ ಕೆಲಸ ಇದೆಯೆಂದು ಗೊತ್ತಾದಾಗ ಶಿಫಾರಸು ಕಾಗದವನ್ನು ಕೇಳದೆಯೇ ಬರೆದುಕೊಟ್ಟರು. ಕೊಡುವಾಗ, “ಒಳ್ಳೆ ಹುಡುಗಿ ಅಂತ ಬರ್ದಿದೀನಿ, ಸುಳ್ಳು ಮಾಡ್ಬೇಡ,” ಎಂದು ನಕ್ಕರು. ಅವಳು ಥ್ಯಾಂಕ್ಸ್ ಕೂಡ ಹೇಳದೆ ಕಾಗದ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಏನು ಹೇಳಿದರೂ ಆ ದಿನದ ನಗುವಿನ ಮೇಲೆ ತೇಪೆ ಹಾಕಿದ ಹಾಗಾಗುತ್ತದೆ ಎನ್ನಿಸಿತ್ತು.

“ಹೇಮಾ, ಒಂದು ಬಿಳೀ ಹಾಳೆ ಕೊಡ್ತೀಯೇನಮ್ಮ?”

ಕೊಟ್ಟಳು. ಅವರು ಜೇಬಿನಿಂದ ಪೆನ್ನು ತೆಗೆದು, ಹಾಳೆಯನ್ನು ಫೈಲಿನ ಮೇಲಿಟ್ಟುಕೊಂಡು, ಎಲ್ಲೂ ತಡೆಯದೆ ಹತ್ತು ನಿಮಿಷದಲ್ಲಿ ಪೂರಾ ಪ್ರೋಗ್ರಾಂ ಬರೆದು ಮುಗಿಸಿದರು. ದಪ್ಪ ದಪ್ಪ ಅಕ್ಷರ, ಮೊದಲಿಗಿಂತ ಬಹಳ ದಪ್ಪ. ಅವಳು ಸಾಲು ಸಾಲೂ ಓದಿದಳು, ಎಲ್ಲೂ ಒಂದು ತಪ್ಪಿರಲಿಲ್ಲ. ಆದರೆ ಜಾಹೀರಾತಿನಲ್ಲಿ ಕೇಳಿದ್ದು ಹಾಳೆಯ ಮೇಲೆ ಬರೆಯುವವರನ್ನಲ್ಲ. ಪ್ರಸನ್ನಕುಮಾರರಿಗೆ ಈ ಹಾಳೆ ತೋರಿಸಿದರೆ ಪಾಪ ಒಳ್ಳೆಯವರು, ನಗುವುದಿಲ್ಲ, ‘ಹಳೇ ಕಾಲದವರು’ ಎಂದಾರು, ಅಷ್ಟೇ. ನಗುವುದಕ್ಕಿಂತ ಅದು ಕಡೆ. “ಆತು ಸಾರ್, ತಿಳಿಸ್ತೀವಿ” ಎಂದು ಹೇಳಿ ಕಳಿಸಬೇಕು. ಬೆಳಿಗ್ಗೆ ಬಂದ ಇಬ್ಬರಿಗೂ ಅದೇ ಹೇಳಿದ್ದಳು, ಸಲೀಸಾಗಿ. ಇವರ ಮುಖ ನೋಡಿಕೊಂಡು ಅದನ್ನು ಹೇಳುವುದು ಹೇಗೆ? ನನಗೊಂದು ಫೋನ್ ಮಾಡಿದ್ದರೆ ಎಂದುಕೊಂಡವಳು ಅದನ್ನು ಬಾಯಿಬಿಟ್ಟೇ ಕೇಳಿದಳು. “ನಾನಿಲ್ಲಿರದು ನಿಮಗ್ಗೊತ್ತಿತ್ತಲ್ಲ ಸಾರ್, ಮುಂಚೇನೇ ಒಂದು ಫೋನ್ ಮಾಡಾದಲ್ವಾ?”

“ಮಾಡಿದ್ರೆ ನೀನು ಇಲ್ಲ ಅನ್ನಾಕಾಗ್ತಿರ್ಲಿಲ್ಲ,” ಎಂದರು ಸಾರ್. “ಅದಕ್ಕೇ ಮಾಡ್ಲಿಲ್ಲ.”

ಅಷ್ಟರಲ್ಲಿ ಫೋನು. ಪ್ರಸನ್ನಕುಮಾರ್, ಹಿರಿಯೂರಿನಿಂದ. ಅವರ ದನಿ ಕೋಣೆಗೆಲ್ಲ ಕೇಳುತ್ತಿತ್ತು. “ಏನೂ ಆಗ್ಲಿಲ್ವಾ ಹೇಮಾ? ಇಲ್ಲಿ ರೋಗಿಗಳು ಕ್ಯೂ ನಿಂತವ್ರೆ, ನರ್ಸಮ್ಮ ಹಳೇ ಪುಸ್ತಕ ತೆಕ್ಕಂಡು ಬರೀತವ್ರೆ. ನನ್ನ ಮುಖ ಎಲ್ಲಿಡ್ಲಿ?” ಇನ್ನೊಂದು ಗಂಟೆ ಕೊಡಿ ಸಾರ್ ಎಂದಳು. ಫೋನಿಟ್ಟಾಗ ಕಲಂದರ್ ಸಾರ್ ಎದ್ದು ನಿಂತಿದ್ದರು. ಹೊರಟರೇನೋ ಎಂದುಕೊಂಡಳು. “ಏನಮ್ಮ ಅದು, ತೊಂದ್ರೆ?” ಎಂದರು. ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಬದಲಾಗಿ, ರಾಮಗಿರಿಯಿಂದ ಬಂದ ಆ ಹುಡುಗಿಯ ದನಿಯಾಯಿತು. “ಎಲ್ಲೂ ಒಂದು ಕೆಂಪು ಗೆರೆ ಇಲ್ಲ ಸಾರ್. ಎಕ್ಲಿಪ್ಸ್ ಎಲ್ಲಾ ಸರಿಯಾಗೈತೆ ಅಂತೈತೆ.”

“ಅದನ್ನ ಬಿಡು. ಒಳಮಗ್ಗಲು ತೋರ್ಸು,” ಎಂದರು ಸಾರ್.

ಪ್ರಿಂಟು ಕೊಟ್ಟಳು. ಮುಖ್ಯವಾದ ಭಾಗವೇ ಮೂವತ್ತೆರಡು ಪುಟ. ಕೊನೆಯ ಪುಟ ಅರ್ಧ ಹೊರಬರುವಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರುಗಳು ಮೂರೂ ಒಂದೇ ಸಲ ಕಣ್ಣು ಮುಚ್ಚಿದವು, ಫ್ಯಾನು ನಿಧಾನವಾಗಿ ನಿಂತಿತು. ಅಯ್ಯೋ ಶನಿಯೇ, ಇವತ್ತೇ ಹೋಗಬೇಕಿತ್ತಾ ಎಂದು ಹೇಮಾವತಿ ತಲೆ ಮೇಲೆ ಕೈಹೊತ್ತಳು. ಸಾರ್ ಆಗಲೇ ಹಾಳೆಗಳನ್ನು ಎತ್ತಿಕೊಂಡು ಬಾಲ್ಕನಿಯ ಬಿಸಿಲಿಗೆ ಹೋಗಿ ನೆಲದ ಮೇಲೆ ಸಾಲಾಗಿ ಹರಡುತ್ತಿದ್ದರು. ಹಾರದಂತೆ ಒಂದರ ಮೇಲೆ ಚಪ್ಪಲಿ, ಒಂದರ ಮೇಲೆ ಕನ್ನಡಕದ ಡಬ್ಬಿ, ಒಂದರ ಮೇಲೆ ಅವಳ ಊಟದ ಡಬ್ಬಿ. ಮಂಡಿಯೂರಿ ಕೂತು, ಜೇಬಿನಿಂದ ಕೆಂಪು ಸುಣ್ಣದ ಬಿಲ್ಲೆ ತೆಗೆದರು. ಇಂಟರ್‌ವ್ಯೂಗೆ ಬರುವಾಗಲೂ ಅದನ್ನು ತಂದಿದ್ದರು. ಅವಳಿಗೆ ನಗು ಬಂತು, ನಗು ಬರುತ್ತಿದ್ದ ಹಾಗೇ ಕಣ್ಣಲ್ಲಿ ನೀರು ಬಂತು. ಅವರ ಪಕ್ಕದಲ್ಲೇ ಕೂತಳು. ಅವರು ಓದುವ ರೀತಿ ಬದಲಾಗಿರಲಿಲ್ಲ. ಒಂದೊಂದು ಸಾಲಿಗೂ ಬೆರಳಿಟ್ಟು, ತುಟಿಯಲ್ಲೇ ಕೇಳುತ್ತ ಹೋಗುತ್ತಿದ್ದರು: ಇದು ಎಲ್ಲಿಂದ ಬಂತು, ಇದು ಎಲ್ಲಿಗೆ ಹೋಯಿತು. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲೇ ಓದುತ್ತಿದ್ದುದು ಮಾತ್ರ ಹೊಸದು. ಬಿಸಿಲಿಗೆ ಇರಬಹುದೆಂದುಕೊಂಡಳು. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ಹೆದರಿಕೆ ಅನ್ನಿಸಲಿಲ್ಲ.

ನಾಲ್ಕನೆಯ ಪುಟದಲ್ಲೇ ಸುಣ್ಣ ನಿಂತಿತು.

“ಇದೇನಮ್ಮ?” ಎಂದರು. “ಸೆಟ್ಟಿಂಗಿನ ಕಡತ ಎಲ್ಲೈತೆ ಅಂತ ಬರೆದಿದೀಯ ಇಲ್ಲಿ. ಡಿ ಡ್ರೈವು, ಹೇಮಾ ಅನ್ನೋ ಫೋಲ್ಡರು, ಅದರೊಳಗೆ. ಹೌದಾ?”

“ಹೌದು ಸಾರ್.”

“ಹಿರಿಯೂರು ಆಸ್ಪತ್ರೇಲಿ ಹೇಮಾ ಅನ್ನೋ ಫೋಲ್ಡರು ಯಾರಿಟ್ಟವ್ರೆ?”

ಆ ಸಾಲನ್ನು ಅವಳು ಕೆಲಸ ಶುರುಮಾಡಿದ ಮೊದಲ ದಿನ, ಆಮೇಲೆ ಸರಿಮಾಡೋಣ ಎಂದು ಬರೆದಿದ್ದಳು. ಪಕ್ಕದ ಕಂಪ್ಯೂಟರಿನಲ್ಲೂ ಅವಳ ಹಳೆಯ ಫೋಲ್ಡರು ಇತ್ತು, ಅದಕ್ಕೇ ಅಲ್ಲೂ ನಡೆಯುತ್ತಿತ್ತು. “ಅದು ಇರ್ಲಿ, ಎಲ್ರೂ ಮಾಡ್ತಾರೆ,” ಎಂದು ಸಾರ್ ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದರು. “ಕಡತ ಸಿಗ್ದಿದ್ರೆ ಸಿಗ್ಲಿಲ್ಲ ಅಂತ ಅದು ಬಾಯ್ಬಿಟ್ಟು ಹೇಳ್ಬೇಕಲ್ಲಮ್ಮ. ತಪ್ಪು ಆದ್ರೆ ಏನ್ಮಾಡ್ಬೇಕು ಅಂತ ಬರಿಯೋ ಜಾಗ ಇದು. ಖಾಲಿ ಬಿಟ್ಟಿದೀಯ. ತಪ್ಪಾಗೈತೆ, ಹೇಳಾಕೆ ದಾರಿ ಇಲ್ಲ. ಅದು ಇನ್ನೇನು ಮಾಡ್ತೈತೆ, ಬಾಗ್ಲು ಮುಚ್ಕಂಡು ಒಳಗೆ ಕುಂತ್ಕಂತೈತೆ.” ಆ ಎರಡು ಆವರಣ ಚಿಹ್ನೆಗಳ ನಡುವಿನ ಖಾಲಿಯ ಅಡಿಯಲ್ಲಿ ಕೆಂಪು ಗೆರೆ ಎಳೆದರು. ಏನೂ ಬರೆಯದ ಕಡೆ ಎಳೆದ ಗೆರೆ. ಎಕ್ಲಿಪ್ಸ್ ಅಲ್ಲಿ ಯಾವತ್ತೂ ಎಳೆದಿರಲಿಲ್ಲ, ಏಕೆಂದರೆ ವ್ಯಾಕರಣದ ಪ್ರಕಾರ ಅದು ತಪ್ಪಲ್ಲ. ಆ ಆವರಣಗಳನ್ನು ಅವಳಿಗೆ ಬರೆದುಕೊಟ್ಟದ್ದೇ ಎಕ್ಲಿಪ್ಸು, ಒಳಗೆ ತಪ್ಪನ್ನು ಪರದೆಯ ಮೇಲೆ ತೋರಿಸುವ ಒಂದು ಸಾಲನ್ನೂ ಇಟ್ಟೇ ಕೊಟ್ಟಿತ್ತು. ನೋಡಲು ಅಸಹ್ಯವಾಗಿದೆಯೆಂದು ಅಳಿಸಿದವಳು ಅವಳು. ಪುಟಗಳ ಉದ್ದಕ್ಕೂ ಅಳಿಸಿದ್ದಳು, ಸಾರ್ ಎಳೆಯುತ್ತ ಹೋದ ಹಾಗೆ ಹನ್ನೊಂದು ಕಡೆ ಕೆಂಪಾಯಿತು. ಸೆಂಟರಿನಲ್ಲಿ ಅವರು ಮೊದಲ ವಾರವೇ ಹೇಳಿಕೊಡುತ್ತಿದ್ದ ಪಾಠ ಅದು. ಅವಳು ಮರೆತಿರಲೂ ಇಲ್ಲ, ತನ್ನ ಪರದೆಯಲ್ಲಿ ಎಲ್ಲ ಚೆಂದಾಗಿ ಕಾಣುತ್ತಿದ್ದುದರಿಂದ ಬೇಕಾಗಿರಲಿಲ್ಲ, ಅಷ್ಟೇ. ಮೂರು ವರ್ಷದಿಂದ ತಾನು ಬಾಯಿಬಿಡದೆ ಇದ್ದದ್ದೂ ಇದೇ ರೀತಿಯಲ್ಲವೇ ಎಂದು ಅವಳಿಗೆ ಹೊಳೆದು, ಹಾಳೆಯ ಮೇಲಿಂದ ಕಣ್ಣು ಕೀಳಲಾಗದೆ ಹೋಯಿತು.

ಕರೆಂಟು ಇಲ್ಲದಿದ್ದರೇನು, ಫೋನು ಇತ್ತು. ಡಿ ಡ್ರೈವಿನಲ್ಲಿ ಹೇಮಾ ಎಂದು ಫೋಲ್ಡರು ಮಾಡಿ, ಪ್ರೋಗ್ರಾಮಿನ ಜತೆ ಬಂದಿರುವ ಈ ಹೆಸರಿನ ಕಡತ ಅದರೊಳಗೆ ಹಾಕಿ ನೋಡಿ ಸಾರ್ ಎಂದು ಪ್ರಸನ್ನಕುಮಾರರಿಗೆ ಒಂದೊಂದೇ ಅಕ್ಷರ ಹೇಳಿದಳು. ಆ ಕಡೆ ಕೀಲಿಗಳ ಸದ್ದು, ಯಾರೋ ಕೆಮ್ಮಿದ್ದು. ಆಮೇಲೆ, “ಬಂತು! ಬಂತು ಹೇಮಾ! ನಿಂತೈತೆ, ಮುಚ್ಕಳ್ತಿಲ್ಲ!” ಎಂಬ ಕೂಗು. ಅದರ ಹಿಂದೆ ನರ್ಸಮ್ಮ ನಕ್ಕದ್ದೂ ಕೇಳಿಸಿತು. “ಶಭಾಷ್! ನಂಗ್ಗೊತ್ತಿತ್ತು, ನೀವು ಹಿಡೀತೀರಾ ಅಂತ. ನಿಮ್ಮ ತಲೆ ಅಂದ್ರೆ ತಲೆ. ಊರಿಗೆ ಬಂದು ಮಾತಾಡ್ತೀನಿ, ಈ ಸಲ ನಿಮಗೇನಾದ್ರೂ ಮಾಡ್ಲೇಬೇಕು.”

ಹೇಮಾವತಿ ಬಾಲ್ಕನಿಯ ಕಡೆ ನೋಡಿದಳು. ಸಾರ್ ಹಾಳೆಗಳನ್ನು ಪುಟದ ಕ್ರಮದಲ್ಲಿ ಜೋಡಿಸುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ. ಕೇಳಿದ್ದರೂ ಅವರು ಯಾರಿಗೂ ಹೇಳುವವರಲ್ಲ. ಫೋನಿಗೆ ‘ಥ್ಯಾಂಕ್ಸ್ ಸಾರ್’ ಎಂದುಬಿಟ್ಟರೆ ಆಯಿತು, ಎರಡು ಪದ. ಮೂರು ದಿನದ ಅವಮಾನ ತೊಳೆದುಹೋಗುತ್ತದೆ. ತನ್ನ ಹೆಸರಿನ ಫೋಲ್ಡರಿನಿಂದಲೇ ಇಷ್ಟೆಲ್ಲ ಆದದ್ದು ಎಂಬುದೂ ಮುಚ್ಚಿಹೋಗುತ್ತದೆ. ಸಾರ್ ಎಕ್ಲಿಪ್ಸ್ ಬರದವರಾಗಿ ಮೆಟ್ಟಿಲಿಳಿದು ಹೊಳಲ್ಕೆರೆ ಬಸ್ಸು ಹತ್ತುತ್ತಾರೆ. ಮುಂದಿನ ಸಾಲು ಬಿಟ್ಟು ಆವರಣ ಮುಚ್ಚುವುದು ಎಷ್ಟು ಸುಲಭ, ಎಷ್ಟು ರೂಢಿಯಾಗಿಬಿಟ್ಟಿದೆ ತನಗೆ! ಒಂದು ಉಸಿರು ಹೋಯಿತು. ಎರಡನೆಯ ಉಸಿರನ್ನು ಅವಳು ಬಿಡಲಿಲ್ಲ.

“ನಾನಲ್ಲ ಸಾರ್,” ಎಂದಳು, ಅಗತ್ಯಕ್ಕಿಂತ ಜೋರಾಗಿ. “ತಪ್ಪು ಮಾಡಿದ್ದು ನಾನು. ಹಿಡಿದಿದ್ದು ಕಲಂದರ್ ಸಾರ್. ಇಂಟರ್‌ವ್ಯೂಗೆ ಬಂದವ್ರೆ. ನಂಗೆ ಜಾವಾ ಕಲಿಸಿದೋರು, ನಿಮಗೆ ಕಾಗದ ಬರೆದುಕೊಟ್ಟಿದ್ರಲ್ಲ, ಅವ್ರೇ.”

“ಆ ಹೊಳಲ್ಕೆರೆ ಮೇಷ್ಟ್ರಾ?” ಎಂದರು ಪ್ರಸನ್ನಕುಮಾರ್. “ಎಕ್ಲಿಪ್ಸ್ ಬರ್ತೈತಾ ಅವ್ರಿಗೆ?”

“ಬರಲ್ಲ ಸಾರ್. ಅದನ್ನ ನಾನು ಒಂದು ವಾರದಾಗೆ ಕಲಿಸ್ತೀನಿ. ಅವರಿಗೆ ಬರೋದನ್ನ ನಂಗೆ ಇನ್ಯಾರೂ ಕಲ್ಸಾಕಾಗಲ್ಲ.”

ಪ್ರಸನ್ನಕುಮಾರ್ ನಕ್ಕರು. “ಮೂರು ದಿವ್ಸದಿಂದ ನನ್ನ ಪ್ರಾಣ ತಿಂದಿದ್ದು ಅವ್ರು ಬಂದು ಒಂದು ಗಂಟೇಲಿ ಹೋಯ್ತು ಅಂದ್ರೆ ನಾನ್ಯಾಕೆ ಬೇಡ ಅನ್ಲಿ? ಸೋಮವಾರ ಬರಾಕೇಳಿ. ಒಂದು ತಿಂಗ್ಳು ನೋಡಾಣ. ನಿಮ್ದೆಲ್ಲ ಅವ್ರು ಓದಿ ಆದ್ಮೇಲೇನೇ ಆಚೆಗೆ ಹೋಗ್ಲಿ.”

ಅವಳು ಬಾಲ್ಕನಿಗೆ ಬಂದು ಹೇಳಿದಾಗ ಸಾರ್ ಹೂಂ ಎಂದರು, ಅಷ್ಟೇ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಸೆಂಟರಿನಲ್ಲಿ ಈಗ ಇಬ್ಬರೇ ಬರುತ್ತಾರೆ, ಎಲ್ಲರೂ ಎಕ್ಲಿಪ್ಸ್ ಕೇಳುತ್ತಾರೆ, ತಮ್ಮ ಹಳೆಯ ಕಂಪ್ಯೂಟರುಗಳಿಗೆ ಅದು ಭಾರ, ಮುಂದಿನ ತಿಂಗಳು ಬಾಗಿಲು ಹಾಕುವುದೆಂದಿತ್ತು ಎಂದು ಒರೆಸುತ್ತಲೇ ಹೇಳಿದರು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ಹೇಮಾವತಿಗೆ ಅನ್ನಿಸಿತು.

“ಸಾರ್, ಆವತ್ತು ಸೆಂಟರ್‌ನಾಗೆ, ಆ ಸಿ.ಡಿ. ಹಾಕಿದ ದಿವ್ಸ, ನಾನೊಂದು ಮಾತಂದೆ. ನೀವು ಬಾಗ್ಲಲ್ಲಿದ್ರಿ. ತಪ್ಪಾತು ಸಾರ್.”

“ಮೂರು ದಿವ್ಸ ಕಾಯ್ಸಲ್ಲ ಅಂದಿದ್ದಾ?” ಎಂದರು ಸಾರ್. ಒಂದಕ್ಷರವನ್ನೂ ಅವರು ಮರೆತಿರಲಿಲ್ಲ. “ನಿಜಾನೇ ಅಂದಿದ್ದೆ ಬಿಡು. ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತಮ್ಮ. ಯಾರಿಗೂ ಹೇಳಿರ್ಲಿಲ್ಲ, ಮೇಷ್ಟ್ರಿಗೆ ಕಣ್ಣಿಲ್ಲ ಅಂದ್ರೆ ಯಾರು ಕಳಿಸ್ತಾರೆ ಮಕ್ಕಳನ್ನ? ನನ್ನ ಮಗಳು ಫರೀಹಾ ಸ್ಕೂಲಿಂದ ಬಂದು ನಿಮ್ಮ ಪುಸ್ತಕ ಓದಿ ಹೇಳೋಳು. ಅವಳಿಗೆ ಇಂಗ್ಲಿಷೇ ನೆಟ್ಟಗೆ ಬರ್ತಿರ್ಲಿಲ್ಲ, ಒಂದೊಂದು ಚುಕ್ಕಿ ಕೊಂಡಿ ಬಿಡ್ದಂಗೆ ಓದೋಳು. ನಾನು ಕೇಳ್ಕಂಡು ಇಲ್ಲಿ ಗೆರೆ ಹಾಕು ಅನ್ನೋನು. ಆ ಗೆರೆಗಳು ಅವಳ ಕೈಯವು. ಮೂರು ದಿವ್ಸ ಆಗದೇನು ಹೆಚ್ಚು? ನೀನು ಅದನ್ನ ತೋರಿಸ್ತಿದ್ದಾಗ ನಂಗೆ ಜೀವ ಬಂದಂಗಾತು. ಸದ್ಯ, ಹುಡುಗರ ತಪ್ಪು ನೋಡಾಕೆ ಇನ್ನೊಬ್ರು ಬಂದ್ರಲ್ಲ ಅಂತ. ಅದಕ್ಕೇ ಪುಸ್ತಕ ಕೇಳದು ಬಿಟ್ಟೆ. ಈಗ ಬಲಗಣ್ಣು ಆಪರೇಷನ್ ಆಗೈತೆ, ಬಿಸಿಲಾಗೆ ಹಾಳೆ ಓದ್ತೀನಿ, ಪರದೆ ಇನ್ನೂ ಮಂಜುಮಂಜು. ಎಡಗಣ್ಣಿಂದು ಮುಂದಿನ ಕ್ಯಾಂಪಿಗೆ.”

ಹಾಗಾದರೆ ಬಾಗಿಲಲ್ಲಿ ನಿಂತು ಮೇಡಂ ಎಂದದ್ದು, ಪರದೆಗೆ ಮೂಗು ತಾಗಿಸಿದ್ದು, ಹಾಳೆಯ ಮೇಲಿನ ಆ ದಪ್ಪ ಅಕ್ಷರ, ಎಲ್ಲ ಅದಕ್ಕೇ. ಅವರಿಗೆ ಬರುವುದಿಲ್ಲ ಎಂದುಕೊಂಡಿದ್ದಳು, ಅವರಿಗೆ ಕಾಣುತ್ತಿರಲಿಲ್ಲ. ಕಣ್ಣಿನ ಮಾತಂತೂ ನಿಜ. ಜೀವ ಬಂದಂಗಾಯಿತು ಎಂದ ಮಾತು ನಿಜವೇ, ಇಲ್ಲಾ ಎದುರಿಗೆ ಕೂತ ಹುಡುಗಿಯ ಅಳು ನಿಲ್ಲಿಸಲು ಈಗಿಂದೀಗ ಹೊಲಿದುಕೊಟ್ಟದ್ದೇ ಎಂದು ಅವಳು ಅವರ ಮುಖ ನೋಡಿದಳು. ಅಲ್ಲಿ ಏನೂ ಗೊತ್ತಾಗಲಿಲ್ಲ. ಹೊಲಿದದ್ದೇ ಆದರೂ ತನ್ನ ಅಳತೆಗೆ ಸರಿಯಾಗಿ ಹೊಲಿದಿದ್ದರು. ಯಾವ ಪುಣ್ಯಕ್ಕೆ ಇವರು ತನಗೆ ಸಿಕ್ಕರೋ ಎಂದು ಅವಳಿಗೆ ಅನ್ನಿಸಿ, ಅವರ ಚಪ್ಪಲಿಯನ್ನು ಹಾಳೆಯ ಮೇಲಿಂದ ತೆಗೆದು ಕಾಲ ಬಳಿ ಇಟ್ಟಳು. “ಏಯ್, ಏನಮ್ಮ ಇದು,” ಎಂದು ಸಾರ್ ಕಾಲು ಹಿಂದಕ್ಕೆಳೆದುಕೊಂಡರು.

ಕರೆಂಟು ಬಂತು. ಎಕ್ಲಿಪ್ಸ್ ತೆರೆದು, ಅಕ್ಷರಗಳನ್ನು ಹೆಬ್ಬೆರಳಷ್ಟು ದಪ್ಪ ಮಾಡಿ, ಅಲುಗದ ಕುರ್ಚಿ ಎಳೆದು ಅವರನ್ನು ಕೂರಿಸಿದಳು. ತಾನು ಅಲುಗುವ ಕುರ್ಚಿಯಲ್ಲಿ ಕೂತಳು. ಅವರು ಬರೆಯತೊಡಗಿದರು, ಕೆಂಪು ಗೆರೆ ಬಿತ್ತು. ಈ ಸಲ ಕಂಡಿತು ಅವರಿಗೆ. “ತಾಳಪ್ಪ, ಇನ್ನೂ ಹೇಳಿ ಮುಗ್ದಿಲ್ಲ,” ಎಂದು ಕಂಪ್ಯೂಟರಿಗೆ ಗದರಿಸಿ ಸಾಲು ಮುಗಿಸಿದರು. ಗೆರೆ ಅಳಿಯಿತು. ಸಾರ್ ಅವಳ ಕಡೆ ತಿರುಗಿ, “ಹೌದಲ್ಲೇ, ಇದು ಬೈಯದೂ ಇಲ್ಲ,” ಎಂದು ನಕ್ಕರು. ಅವಳೂ ನಕ್ಕಳು, ಕಣ್ಣೊರೆಸಿಕೊಂಡು.

“ನಾನು ಬೈತೀನಿ ಮತ್ತೆ,” ಎಂದರು ಸಾರ್. “ಸೋಮವಾರದಿಂದ ಎಡಗಡೆ ಪ್ರೋಗ್ರಾಂ, ಬಲಗಡೆ ಅರ್ಥ. ಹಳೇ ಕಟ್ಟಲೆ. ಐತಾ ಲಾಂಗ್ ಬುಕ್ಕು?”

ಹೇಮಾವತಿ ಎರಡೆರಡು ಮೆಟ್ಟಿಲು ಹಾರಿ ಕೆಳಗಿನ ಅಂಗಡಿಗೆ ಬಂದಳು. ಇನ್ನೂರು ಪುಟದ್ದು, ಗೆರೆ ಹಾಕಿದ್ದು ಎಂದಳು. ಅಂಗಡಿಯ ಮೂಡಲಗಿರಿಯಪ್ಪ ಮೇಲಿನ ಹಲಗೆಯಿಂದ ಪುಸ್ತಕ ತೆಗೆದು ಧೂಳು ಕೊಡವುತ್ತ, “ಯಾರಿಗಮ್ಮ, ತಮ್ಮನಿಗಾ?” ಎಂದು ಕೇಳಿದ.

“ನಂಗೇ,” ಎಂದಳು.